ಅದು ಅಹಂಕಾರ ಅಲ್ಲ, ಭಯ

ಪ್ರೀತಿಸುವವರನ್ನೇ ದೂರ ತಳ್ಳುವವರಿಗೆ ಅಹಂಕಾರ ಜಾಸ್ತಿ ಅಂತ ಲೇಖನದಲ್ಲಿ ಬರೆದಿದ್ದೀರಿ. ನಾನು ಒಪ್ಪುವುದಿಲ್ಲ. ನಾನೂ ಹಾಗೆ ತಳ್ಳಿದವನೇ.

2022ರ ಶುರುವಿನಲ್ಲಿ ಬೆಂಗಳೂರಲ್ಲಿ ನನ್ನ ಕೆಲಸ ಹೋಯಿತು. ತುಮಕೂರಿನಿಂದ ಅಕ್ಕ ದಿನಾ ರಾತ್ರಿ ಫೋನ್ ಮಾಡುತ್ತಿದ್ದಳು, ನಾನು ಫೋನನ್ನು ದಿಂಬಿನ ಕೆಳಗಿಟ್ಟು ಅದು ಗುಂಯ್ ಅನ್ನುವುದು ನಿಲ್ಲುವವರೆಗೂ ಗೋಡೆ ನೋಡುತ್ತಾ ಕೂತಿರುತ್ತಿದ್ದೆ. ಒಂದು ದಿನ ಬಸ್ಸು ಹತ್ತಿ ಬಂದೇಬಿಟ್ಟಳು, ಕೈಯಲ್ಲಿ ಚಟ್ನಿಪುಡಿ ಡಬ್ಬಿ. "ನಿನ್ನ ಕನಿಕರ ಬೇಡ, ಹೋಗು" ಅಂದೆ, ಬಾಗಿಲಲ್ಲೇ. ಡಬ್ಬಿಯನ್ನು ಚಪ್ಪಲಿ ಸ್ಟ್ಯಾಂಡ್ ಮೇಲಿಟ್ಟು ಸುಮ್ನೆ ಮೆಟ್ಟಿಲು ಇಳಿದಳು.

ಇವಳೂ ಒಂದಿನ ಕೈಬಿಡುತ್ತಾಳೆ, ಅದಕ್ಕೆ ಮೊದಲು ನಾನೇ ದೂರ ಮಾಡಿದರೆ ನೋವು ಕಮ್ಮಿ ಅನ್ನುವ ಲೆಕ್ಕ ಅದು. ಕಮ್ಮಿ ಆಗುವುದಿಲ್ಲ. ಮನಶ್ಶಾಸ್ತ್ರಜ್ಞೆ ಮೇರಿ ಐನ್ಸ್‌ವರ್ತ್ ಇದನ್ನು ಪುಟ್ಟ ಮಕ್ಕಳಲ್ಲೇ ಗಮನಿಸಿದ್ದರು. ಸ್ವಲ್ಪ ಹೊತ್ತು ಹೊರಗೆ ಹೋದ ಅಮ್ಮ ವಾಪಸ್ ಬಂದಾಗ ಕೆಲವು ಮಕ್ಕಳು ಓಡಿ ಹೋಗಿ ಅಪ್ಪಿಕೊಳ್ಳುವ ಬದಲು ಮುಖ ತಿರುಗಿಸಿಕೊಳ್ಳುತ್ತವೆ. ಅಮ್ಮ ಬೇಡ ಅಂತಲ್ಲ ಅಲ್ವಾ?

ಮುಂದಿನ ವರ್ಷ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಫೋನ್ ಮಾಡಿದೆ. ನಂಬರ್ 14416, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಮೊದಲ ಸಲ ಏನೂ ಹೇಳಲಾಗದೆ ಬರೀ ಅತ್ತೆ. ಆ ಕಡೆಯವರು ಕಾದರು. ಎರಡನೇ ಸಲ ಅಕ್ಕನ ವಿಷಯ ಹೇಳಿದೆ.

ಆಮೇಲೆ ಅಕ್ಕನಿಗೆ ಮೆಸೇಜ್ ಹಾಕಿದೆ. ಕ್ಷಮಿಸು ಅಂತ ಬರೆಯಲು ಕೈ ಬರಲಿಲ್ಲ. "ನಿನ್ನ ಡಬ್ಬಿ ನನ್ನ ಹತ್ರಾನೇ ಇದೆ ಕಣೇ" ಅಂತಷ್ಟೇ ಬರೆದೆ. ಅವಳು ಭಾನುವಾರ ಬಂದಳು.