ಎಚ್ ಅಂದ್ರ ಹಾಕಿ ಏನ್ರಿ?

ಆ ಫೋಟೊ ನೀವೂ ನೋಡಿರುತ್ತೀರಿ. ಪತ್ರಿಕೆಯ ಜಿಲ್ಲಾ ಪುಟದಲ್ಲಿ ಬಂತು, ಆಮೇಲೆ ಎಲ್ಲರ ವಾಟ್ಸ್‌ಆ್ಯಪ್‌ನಲ್ಲೂ ಓಡಾಡಿತು. ಹದಿನಾಲ್ಕು ಮಂದಿ ಗಣ್ಯರು, ಒಂದು ಹಾಕಿ ಸ್ಟಿಕ್. ಹದಿನಾಲ್ಕೂ ಮಂದಿ ಅದಕ್ಕೇ ಕೈ ಹಚ್ಚಿದ್ದಾರೆ. ಬಾಗಿದ ತುದಿ ಮೇಲೆ, ಹಿಡಿಕೆ ಕೆಳಗೆ. ಮುತ್ಯಾ ಬಡಿಗಿ ಊರಿಕೊಂಡು ನಿಂತ ಹಾಗೆ. ಹಿಂದಿನ ಬ್ಯಾನರಿನಲ್ಲಿ ದಪ್ಪ ಅಕ್ಷರ: ‘ನಮ್ಮೂರ ಹಾಕಿ ನಮ್ಮೂರಲ್ಲೇ ಉಳಿಯಲಿ’.

ಉಳಿಯಲಿ. ಯಾರು ಬೇಡ ಅಂದರು?

ಫೋಟೊದಲ್ಲಿ ಹಾಕಿ ಆಡುವ ಒಂದು ಮಗುವೂ ಇಲ್ಲ ಅಂತ ಕೆಲವರು ತಕರಾರು ತೆಗೆದರು. ಇದು ಅನ್ಯಾಯದ ಮಾತು. ಮಕ್ಕಳು ಅಲ್ಲೇ ಇದ್ದರು, ನಾನೇ ನೋಡಿದ್ದೇನೆ. ಬೆಳಿಗ್ಗೆ ಕುರ್ಚಿ ಹಾಕುತ್ತಿದ್ದರು. ಆಮೇಲೆ ನೀರಿನ ಬಾಟಲಿ ಹಂಚುತ್ತಿದ್ದರು. ಎಡಕ್ಕೊಂದು ಬಲಕ್ಕೊಂದು ಪಾಸ್ ಕೊಡುವುದರಲ್ಲಿ ಎಂಥ ಚುರುಕು ಅಂತೀರಿ! ಅಂದಮೇಲೆ ಪ್ರತಿಭೆ ಇದೆ, ಅಲ್ವಾ?

ಹಾಕಿ ಉಳಿಸುವ ಈ ಕಾರ್ಯಕ್ರಮಕ್ಕಾಗಿ ಐದು ದಿನ ಹಾಕಿ ಬಂದ್. ಪೆಂಡಾಲ್ ಹಾಕಲು ಎರಡು ದಿನ, ಭಾಷಣಕ್ಕೆ ಒಂದು, ಬಿಚ್ಚಲು ಎರಡು. ಭಾಷಣದಲ್ಲಿ ಎಲ್ಲರೂ ಹೇಳಿದ್ದು ಒಂದೇ: ಹಾಕಿ ನಮ್ಮ ರಾಷ್ಟ್ರೀಯ ಕ್ರೀಡೆ. ನಾನೂ ಶಾಲೆಯಲ್ಲಿ ಹಾಗೇ ಬರೆದು ಒಂದು ಮಾರ್ಕ್ ತೆಗೆದುಕೊಂಡವನು. 2012ರಲ್ಲಿ ಲಖನೌದ ಒಬ್ಬ ಶಾಲಾ ಹುಡುಗಿ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ ಕೇಳಿದಳು, ಹಾಗಂತ ಆದೇಶ ಎಲ್ಲಿದೆ ಅಂತ. ಯಾವ ಆಟವನ್ನೂ ರಾಷ್ಟ್ರೀಯ ಕ್ರೀಡೆ ಅಂತ ಘೋಷಿಸಿಲ್ಲ ಎಂದು ಕೇಂದ್ರ ಕ್ರೀಡಾ ಸಚಿವಾಲಯವೇ ಉತ್ತರ ಕೊಟ್ಟಿತು. ಇದನ್ನು ವೇದಿಕೆಯ ಹತ್ತಿರ ಹೋಗಿ ಒಬ್ಬರ ಕಿವಿಯಲ್ಲಿ ಹೇಳಿದೆ. ಅವರು, ‘ಇರ್ಲಿ ಬಿಡ್ರಿ, ಈಗ ಯಾಕ?’ ಅಂದರು. ಅದೂ ಸರಿ. ಇಲ್ಲದ ಆದೇಶವನ್ನು ಇಷ್ಟು ವರ್ಷ ಇಷ್ಟು ಶ್ರದ್ಧೆಯಿಂದ ಪಾಲಿಸಿದ ದೇಶ ಬೇರೆ ಎಲ್ಲಿದೆ?

ಇನ್ನೊಬ್ಬ ಮುಖಂಡರು ಸ್ಟಿಕ್ ಎತ್ತಿ ತಿರುಗಿಸಿ ತಿರುಗಿಸಿ ನೋಡಿದರು. ಒಂದು ಕಡೆ ಚಪ್ಪಟೆ, ಇನ್ನೊಂದು ಕಡೆ ಉಬ್ಬು ಯಾಕೆ ಅಂತ ಪಿಟಿ ಮಾಸ್ತರನ್ನು ಕೇಳಿದರು. ಹಾಕಿಯಲ್ಲಿ ಚಪ್ಪಟೆ ಮುಖದಿಂದ ಮಾತ್ರ ಹೊಡೆಯಬೇಕು ಸರ್, ಹಿಂದಿನ ಮುಖ ತಾಗಿದರೆ ಫೌಲ್ ಅಂತ ಮಾಸ್ತರು ವಿವರಿಸಿದರು. ಒಂದೇ ಮುಖವಾ? ಮುಖಂಡರಿಗೆ ಪಾಪ ನಂಬಿಕೆಯೇ ಬರಲಿಲ್ಲ. ಇಂಥ ಕಷ್ಟದ ಆಟ ಮಕ್ಕಳಿಂದ ಹೇಗೆ ಆಡಿಸ್ತೀರಿ ಅಂತ ಮರುಕಪಟ್ಟರು.

ನಮ್ಮ ಗ್ರೌಂಡ್ ಬಗ್ಗೆ ಹೇಳಬೇಕು. ಕಲಬುರಗಿಯಿಂದ ಬಸ್ಸಿನಲ್ಲಿ ಒಂದೂವರೆ ತಾಸಿನ ದಾರಿ ನಮ್ಮೂರು. ಗ್ರೌಂಡ್ ಪೂರ್ತಿ ಎರೆಮಣ್ಣು. ಎಂದೋ ಒಮ್ಮೆ ಮೇಲೆ ಮರಂ ಹಾಕಿಸಿದ್ದರು, ಅದು ಲಾರಿಗಳ ಗಾಲಿಗೆ ಅಂಟಿಕೊಂಡು ಊರಿಗೆಲ್ಲ ಹಂಚಿಹೋಗಿದೆ. ಕೂರಲು ಶಹಾಬಾದಿ ಫರ್ಸಿ ಕಲ್ಲಿನ ಮೆಟ್ಟಿಲು. ಬೇಸಿಗೆಯಲ್ಲಿ ಅದರ ಮೇಲೆ ರೊಟ್ಟಿ ಬೇಯಿಸಬಹುದು. ಮಳೆ ಬಂದರೆ ಬೂಟಿನ ಕೆಳಗೆ ಎರಡು ಕಿಲೊ ಮಣ್ಣು. ಏಪ್ರಿಲ್ ಬಂತೆಂದರೆ ನೆಲ ಬಿರಿಯುತ್ತದೆ. ಒಂದು ಸಲ ಪೆನಾಲ್ಟಿ ಕಾರ್ನರ್‌ನಲ್ಲಿ ತಳ್ಳಿದ ಚೆಂಡು ಗೋಲಿನ ಮುಂದಿನ ಅರ್ಧಚಂದ್ರದಂಥ ಡಿ ಗೆರೆ ಮುಟ್ಟುವ ಮೊದಲೇ ಬಿರುಕಿನೊಳಗೆ ಇಳಿದುಬಿಟ್ಟಿತು. ಹುಡುಗರು ಸ್ಟಿಕ್ ಎಸೆದು, ತೊಗರಿ ಕಟ್ಟಿಗೆ ಹುಡುಕಿ ತಂದು ತಿವಿದು ತೆಗೆದರು. ಎದುರಾಳಿ ಗೋಲಿಯೂ ಸಹಾಯಕ್ಕೆ ಬಂದ. ಎರಡು ತಂಡಗಳ ನಡುವೆ ಇಂಥ ಸೌಹಾರ್ದ ಆಸ್ಟ್ರೋಟರ್ಫ್ ಮೇಲೆ ಸಾಧ್ಯವಾ?

ಆಸ್ಟ್ರೋಟರ್ಫ್ ಅಂದೆನಲ್ಲ. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಮೊದಲ ಸಲ ಹಾಕಿಯನ್ನು ಕೃತಕ ಹುಲ್ಲಿನ ಮೇಲೆ ಆಡಿಸಿದರು. 1928ರಿಂದ ಒಂದು ಒಲಿಂಪಿಕ್ಸನ್ನೂ ಬಿಡದೆ ಹಾಕಿ ಪದಕ ತಂದಿದ್ದ ಭಾರತ ಆ ಸಲ ಏಳನೇ ಸ್ಥಾನಕ್ಕೆ ಇಳಿಯಿತು. ಅದಾಗಿ ಇಷ್ಟು ವರ್ಷವಾಯಿತು, ನಮ್ಮೂರಿನ ಗ್ರೌಂಡಿನಲ್ಲಿ ಮಾತ್ರ ಇನ್ನೂ 1975 ನಡೆಯುತ್ತಿದೆ. ಒಂದು ಲೆಕ್ಕಕ್ಕೆ ಒಳ್ಳೆಯದೇ. 1975ರಲ್ಲಿ ನಾವು ವಿಶ್ವಕಪ್ ಗೆದ್ದಿದ್ದೆವು.

ಕಾರ್ಯಕ್ರಮದಲ್ಲಿ ಟರ್ಫ್ ಭರವಸೆಯೂ ಸಿಕ್ಕಿತು, ಚಪ್ಪಾಳೆಯೂ ಬಿತ್ತು. ನೀರು ಹೊಡೆದು ಆಡುವ ದೊಡ್ಡ ಟರ್ಫೇ ಬರುತ್ತದಂತೆ. ಪ್ರತಿ ಮ್ಯಾಚಿಗೆ ಮೊದಲು ಅದನ್ನು ಒದ್ದೆ ಮಾಡಬೇಕು, ಸಾವಿರಾರು ಲೀಟರ್ ಬೇಕು. ನಮ್ಮ ಓಣಿಗೆ ನಲ್ಲಿ ನೀರು ಬರುವುದು ಎಂಟು ದಿನಕ್ಕೊಮ್ಮೆ. ಟರ್ಫ್ ಬಂದ ಮೇಲೆ ಮ್ಯಾಚ್ ಇರುವ ದಿನ ಹೆಂಗಸರೆಲ್ಲ ಕೊಡ ಹಿಡಿದು ಅಲ್ಲೇ ಪಾಳಿ ಹಚ್ಚುತ್ತಾರೆ. ಹಾಕಿಗೆ ಪ್ರೇಕ್ಷಕರಿಲ್ಲ ಅನ್ನುವ ಕೊರಗೂ ತೀರುತ್ತದೆ.

ಅಲ್ಲಿಯವರೆಗೆ ಗ್ರೌಂಡ್ ಖಾಲಿ ಏನೂ ಬಿದ್ದಿಲ್ಲ. ಕೈಮಗ್ಗ ಮೇಳ, ಕೃಷಿ ಮೇಳ, ಉದ್ಯೋಗ ಮೇಳ, ದೊಡ್ಡ ತೊಟ್ಟಿಲಿನ ಎಕ್ಸಿಬಿಷನ್. ಮಾತೆತ್ತಿದರೆ ಪಕ್ಷದ ಸಮಾವೇಶ. ದೊಡ್ಡವರ ಮನೆಯ ಮದುವೆ, ಅದಕ್ಕೆ ಅನುಮತಿ ಪತ್ರ ಬೇರೆ ಬೇಕಾ? ಒಂದು ಮೂಲೆಯಲ್ಲಿ ಡ್ರೈವಿಂಗ್ ಕಲಿಯುವವರು ರಿವರ್ಸ್ ಹೊಡೆಯುತ್ತಿರುತ್ತಾರೆ. ನಮ್ಮ ಗೋಲ್‌ಪೋಸ್ಟ್ ಅವರಿಗೆ ಬಹಳ ಅನುಕೂಲ.

ಮತ್ತೆ ಹೆಲಿಪ್ಯಾಡ್. ಎರಡು ಚುನಾವಣೆ ಹಿಂದೆ ಒಬ್ಬ ಸ್ಟಾರ್ ಪ್ರಚಾರಕರು ಬರುವವರಿದ್ದರು. ಗ್ರೌಂಡ್ ನಟ್ಟನಡುವೆ ಫರ್ಸಿ ಕೂರಿಸಿ, ಸಿಮೆಂಟ್ ಬಳಿದು, ಸುತ್ತ ಒಂದು ವೃತ್ತ ಹಾಕಿ, ಒಳಗೆ ಬಿಳಿ ಬಣ್ಣದಲ್ಲಿ ದೊಡ್ಡದಾಗಿ ಇಂಗ್ಲಿಷಿನ ಎಚ್ ಅಕ್ಷರ ಬರೆದರು. ಪ್ರಚಾರಕರು ಇಪ್ಪತ್ತು ನಿಮಿಷ ಇದ್ದು ಹೋದರು. ಎಚ್ ಉಳಿಯಿತು. ಮರುದಿನ ಸಂಜೆ ನಮ್ಮ ಪಕ್ಕದ ಮನೆ ಹುಡುಗ, ಆಗ ಅವನಿಗೆ ಎಂಟು ವರ್ಷ ಇರಬೇಕು, ಸ್ಟಿಕ್ ಊರಿಕೊಂಡು ಅದನ್ನೇ ನೋಡುತ್ತ ನಿಂತಿದ್ದ. ನನ್ನನ್ನು ಕಂಡು ಕೇಳಿದ, ‘ಕಾಕಾ, ಎಚ್ ಅಂದ್ರ ಹಾಕಿ ಏನ್ರಿ? ನಮ್ಮ ಸಲುವಾಗಿ ಬರ್ದಾರೇನು?’

ಹೌದಪಾ ಅಂದೆ. ಇನ್ನೇನು ಹೇಳಲಿ?

ಅಂದಿನಿಂದ ನಮ್ಮ ಹುಡುಗರದು ಬೇರೆಯೇ ಹಾಕಿ. ಚೆಂಡು ಎಚ್ ಹತ್ತಿರ ಬಂದರೆ ಫರ್ಸಿಯ ಅಂಚಿಗೆ ಬಡಿದು ಎತ್ತಲೋ ಹಾರುತ್ತದೆ. ಅದಕ್ಕೆ ಅವರು ನಡುವಿನಿಂದ ಆಡುವುದನ್ನೇ ಬಿಟ್ಟು, ಎರಡೂ ಬದಿಯಿಂದ ಸುತ್ತಿ ಬಂದು ಗೋಲ್ ಹೊಡೆಯುತ್ತಾರೆ. ಜಿಲ್ಲಾ ಮಟ್ಟದ ಪಂದ್ಯಕ್ಕೆ ಹೋದಾಗ ಅಲ್ಲಿಯ ತರಬೇತುದಾರರು ಬೆರಗಾದರಂತೆ. ನಿಮ್ಮ ಹುಡುಗರು ಮಿಡ್‌ಫೀಲ್ಡ್‌ಗೆ ಕಾಲೇ ಇಡೋದಿಲ್ಲವಲ್ಲ ಸರ್, ಯಾವ ತಂತ್ರ ಇದು ಅಂತ ಕೇಳಿದರಂತೆ.

ಬೇಸಿಗೆ ಶಿಬಿರದ ಕಥೆ ಇನ್ನೂ ಚಂದ. ನಮ್ಮ ಕಡೆ ಬಿಸಿಲು ಗೊತ್ತೇ ಇದೆ, ನಲವತ್ತು ಡಿಗ್ರಿ ದಾಟಿದರೂ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಏಪ್ರಿಲ್, ಮೇನಲ್ಲಿ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತವೆ. ಫ್ಯಾನಿನ ಕೆಳಗೆ ಕೂತವರ ಆರೋಗ್ಯ ಮುಖ್ಯ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಹೋದ ವರ್ಷ ಮಕ್ಕಳ ಹಾಕಿ ಶಿಬಿರದ ಉದ್ಘಾಟನೆ ಇಟ್ಟಿದ್ದು 11 ಗಂಟೆಗೆ. ಅತಿಥಿಗಳು ಬಂದಿದ್ದು 1 ಗಂಟೆಗೆ. ದೀಪ ಹಚ್ಚಲು ಕಡ್ಡಿಪೆಟ್ಟಿಗೆಯಾದರೂ ಯಾಕೆ ಬೇಕಿತ್ತೋ, ಬತ್ತಿ ಹೊರಗಿಟ್ಟಿದ್ದರೆ ಸಾಕಿತ್ತು.

‘ಸ್ಥಳೀಯ’ ಅನ್ನುವ ಪದದ ಮೇಲೆ ನಮಗೆ ಮೊದಲಿಂದಲೂ ಪ್ರೀತಿ. ಓದಿನ ಸೀಟಿನಲ್ಲಿ, ನೌಕರಿಯಲ್ಲಿ ಈ ಭಾಗದವರಿಗೆ ಪಾಲು ಸಿಗಲಿ ಅಂತ ಎಷ್ಟೋ ವರ್ಷ ಹೋರಾಡಿ ಸಂವಿಧಾನದ 371(ಜೆ) ವಿಧಿ ಪಡೆದ ಜನ ನಾವು. ಅದರ ಬೆಲೆ ಗೊತ್ತು. ಹಾಕಿ ಸಂಘದವರು ಮಾತ್ರ ಅದನ್ನು ಬೇರೆ ಥರ ಅರ್ಥ ಮಾಡಿಕೊಂಡ ಹಾಗಿದೆ. ತಾಲ್ಲೂಕು ತಂಡದ ಆಯ್ಕೆಗೆ ಬಂದ ಮಕ್ಕಳ ಹತ್ತಿರ ಈ ಸಲ ಕೇಳಿದ ದಾಖಲೆಗಳ ಕಟ್ಟು ನೋಡಿದರೆ ಗೋಲ್ ಹೊಡೆಯುವುದೇ ಸುಲಭ ಅನ್ನಿಸುತ್ತದೆ. ಜನನ ಪ್ರಮಾಣಪತ್ರ, ವಾಸಸ್ಥಳ, ಅಪ್ಪನ ಆಧಾರ್, ಶಾಲೆಯ ಸಹಿ, ಶಾಲೆಯ ಮೇಲಿನವರ ಸಹಿ. ಡಿ ಒಳಗೆ ಹೋಗಲು ಸಹಾಯಕ ಆಯುಕ್ತರ ಮೊಹರು ಕೇಳಲಿಲ್ಲ, ಪುಣ್ಯ. ಇಷ್ಟೆಲ್ಲ ಜೋಡಿಸಿಕೊಂಡು ಹೋದರೆ, ಆಯ್ಕೆ ಹೋದ ವಾರವೇ ಆಯ್ತಲ್ಲ ಅಂದರಂತೆ.

ಕೊಡಗನ್ನು ನೋಡಿ ಕಲಿಯಿರಿ ಅಂತಾರೆ. 1997ರಲ್ಲಿ ಅಲ್ಲಿಯ ಕರಡ ಊರಿನಲ್ಲಿ ಪಾಂಡಂಡ ಮನೆತನದವರು ಕುಟುಂಬಗಳ ನಡುವೆ ಹಾಕಿ ಶುರು ಮಾಡಿದರು. ಮೊದಲ ವರ್ಷ 60 ಮನೆತನ, 2024ರಲ್ಲಿ 360. ಗಂಡ, ಹೆಂಡತಿ, ಸೊಸೆ, ಅಜ್ಜ ಎಲ್ಲ ಒಂದೇ ತಂಡದಲ್ಲಿ ಇಳಿಯುತ್ತಾರೆ. ನಮ್ಮಲ್ಲೂ ಹಾಕಿ ಮನೆತನದ ಆಟವೇ. ಅಪ್ಪ ಸಂಘದ ಅಧ್ಯಕ್ಷ, ಮಗ ಕಾರ್ಯದರ್ಶಿ, ಅಳಿಯ ಖಜಾಂಚಿ. ಮೈದಾನಕ್ಕೆ ಇಳಿಯುವುದೊಂದು ಬಾಕಿ.

ನಗು ಇಲ್ಲಿಗೆ ಸಾಕು. ಪೆಂಡಾಲ್ ಬಿಚ್ಚಿಕೊಂಡು ಹೋದವರು ಕಂಬ ನೆಟ್ಟ ಕುಣಿಗಳನ್ನು ಹಾಗೇ ಬಿಟ್ಟು ಹೋದರು. ನಾನು ಎಣಿಸಿದೆ, ನಲವತ್ತೆರಡು. ಕೆಲವದರ ಮೇಲೆ ಊಟದ ಎಲೆ ಬಿದ್ದಿದ್ದವು, ಕುಣಿ ಕಾಣುವ ಹಾಗೂ ಇರಲಿಲ್ಲ. ಆರನೇ ದಿನ ಬೆಳಿಗ್ಗೆ ಮಕ್ಕಳು ಆಡಲು ಬಂದರು. ಏಳನೇ ತರಗತಿಯ ಒಬ್ಬ ಹುಡುಗಿ ಚೆಂಡಿನ ಹಿಂದೆ ಓಡುತ್ತ ಕಾಲು ಹಾಕಿದಳು. ಹಿಮ್ಮಡಿ ಮೇಲಿನ ಎಲುಬು ಮುರಿಯಿತು. ಅವಳ ಅಪ್ಪ ಹಮಾಲಿ ಮಾಡುತ್ತಾನೆ. ಮಗಳನ್ನು ಬೆನ್ನ ಮೇಲೆ ಹೊತ್ತು ಆಟೊ ಹುಡುಕಿದ. ‘ನಮ್ಮೂರ ಹಾಕಿ’ ಬ್ಯಾನರ್ ಇನ್ನೂ ಗೇಟಿನ ಮೇಲೇ ಇತ್ತು, ಅದರ ಕೆಳಗೇ ಹೊತ್ತುಕೊಂಡು ಹೋದ. ಒಂದು ಕುಣಿ ಮುಚ್ಚಲು ಎರಡು ಪುಟ್ಟಿ ಮಣ್ಣು ಸಾಕು. ಎರಡು ಪುಟ್ಟಿ. ಟರ್ಫ್ ಕೇಳಲಿಲ್ಲ ಯಾರೂ, ಕೋಟಿ ಕೇಳಲಿಲ್ಲ. ಆಮೇಲೆ ಮಾಸ್ತರು, ನಾನು, ಇನ್ನಿಬ್ಬರು ಪಾಲಕರು ಸೇರಿ ಎರಡು ಸಂಜೆಯಲ್ಲಿ ಅಷ್ಟೂ ಮುಚ್ಚಿದೆವು. ಫೋಟೊದ ಹದಿನಾಲ್ಕು ಮಂದಿಯಲ್ಲಿ ಒಬ್ಬರಿಗೆ ಫೋನ್ ಮಾಡಿದ್ದೆ. ಹೌದಾ, ಪಾಪ, ಅಂದರು.

ಗೇಟಿನ ಇನ್ನೊಂದು ಬದಿಗೆ ಬೇರೆ ಫ್ಲೆಕ್ಸ್ ಬಿದ್ದಿದೆ. ‘ನಮ್ಮೂರ ಹೆಮ್ಮೆಯ ಕುವರನಿಗೆ ಹಾರ್ದಿಕ ಅಭಿನಂದನೆಗಳು’. ಎಚ್ ಅಂದ್ರ ಹಾಕಿ ಏನ್ರಿ ಅಂತ ಕೇಳಿದ್ದನಲ್ಲ, ಅದೇ ಹುಡುಗ. ಅವನಿಗೆ ದಕ್ಷಿಣದ ಕಡೆಯ ಒಂದು ಕ್ರೀಡಾ ಹಾಸ್ಟೆಲಿನಲ್ಲಿ ಸೀಟು ಸಿಕ್ಕಿತು. ಹೋಗುವಾಗ ರೈಲಿನ ಟಿಕೆಟ್ ದುಡ್ಡಿಗೆ ಅವರಮ್ಮ ಓಣಿಯಲ್ಲಿ ಕೈಗಡ ಕೇಳಿದ್ದಳು. ಈಗ ರಾಜ್ಯ ತಂಡಕ್ಕೆ ಹೆಸರು ಬಂದ ಮೇಲೆ ಅವನು ಇಡೀ ಊರಿಗೇ ಮಗನಾಗಿದ್ದಾನೆ. ಫ್ಲೆಕ್ಸ್‌ನಲ್ಲಿ ನಾಯಕರ ಮುಖಗಳು ಪರಾತದಷ್ಟು ಅಗಲ. ಹುಡುಗನ ಮುಖ ಕೆಳಗೆ ಮೂಲೆಯಲ್ಲಿ, ಅಂಚೆ ಚೀಟಿಯಷ್ಟು. ಅದೂ ಅವನ ಆಧಾರ್ ಕಾರ್ಡಿನ ಫೋಟೊ. ಸ್ಟಿಕ್ ಹಿಡಿದ ಫೋಟೊ ಊರಲ್ಲಿ ಯಾರ ಹತ್ತಿರವೂ ಇರಲಿಲ್ಲ.

ಮೊನ್ನೆ ರವಿವಾರ ಅವರಮ್ಮನ ಜೊತೆ ಮಾತಾಡಲು ನನ್ನ ಫೋನಿಗೆ ಮಾಡಿದ್ದ. ಊಟ ಹೆಂಗದಪಾ ಅಂದೆ. ‘ಬರೀ ಅನ್ನ ಕಾಕಾ. ಒಮ್ಮೊಮ್ಮಿ ಮುದ್ದಿ. ರೊಟ್ಟಿ, ಹಿಂಡಿ ಇಲ್ಲೇ ಇಲ್ಲ,’ ಅಂದ. ಊರಿನದು, ಗೆಳೆಯರದು ಎಲ್ಲ ಕೇಳಿದ. ಫ್ಲೆಕ್ಸ್ ವಿಷಯ ಹೇಳಿದೆ, ನಕ್ಕ. ಆಟ ಹೆಂಗ ನಡದದ ಅಂದಾಗ ಸ್ವಲ್ಪ ಹೊತ್ತು ಸುಮ್ಮನಿದ್ದ.

‘ಇಲ್ಲಿ ಗ್ರೌಂಡ್ ನಡುವ ಎಚ್ ಇಲ್ಲ ಕಾಕಾ,’ ಅಂದ. ‘ಚೆಂಡು ಸೀದಾ ಹೋಗ್ತದ.’