ಒಬ್ರೇನಾ?

ಹೆಗಲಿಗೆ ಬ್ಯಾಗ್ ಏರಿಸಿ ಒಬ್ಬನೇ ಬೆಟ್ಟ ಹತ್ತುವ ಚಟ ನನಗೆ ಹದಿನೈದು ವರ್ಷದ್ದು. ಇಷ್ಟು ವರ್ಷದಲ್ಲಿ ಜನ ನನಗೆ ಅತಿ ಹೆಚ್ಚು ಸಲ ಕೇಳಿದ ಪ್ರಶ್ನೆ ಇದು. ಬಸ್ ಕಂಡಕ್ಟರ್ ಕೇಳಿದ್ದಾರೆ, ಜೀಪಿನವರು ಕೇಳಿದ್ದಾರೆ, ಫಾರೆಸ್ಟ್ ಗಾರ್ಡ್ ಕೇಳಿದ್ದಾರೆ. ನಮ್ಮಮ್ಮನಂತೂ ಪ್ರತಿ ಸಲ ಕೇಳುತ್ತಾರೆ, ಉತ್ತರ ಗೊತ್ತಿದ್ದರೂ.

ಒಂದು ಕ್ಷೇತ್ರದ ಲಾಡ್ಜಿನಲ್ಲಿ ರಾತ್ರಿ ಒಂಬತ್ತೂವರೆಗೆ ಇದೇ ಪ್ರಶ್ನೆ ಬಂತು. ಹೌದು ಅಂದೆ. "ಸಿಂಗಲ್‌ಗೆ ರೂಮ್ ಕೊಡಲ್ಲ ಸಾರ್" ಅಂದರು. ಮುಂದಿನ ಲಾಡ್ಜಿನಲ್ಲೂ ಅದೇ ಮಾತು. ಮೂರನೆಯ ಕಡೆ ಇದ್ದ ವಯಸ್ಸಾದವರು ಮಾತ್ರ ತಗ್ಗಿದ ದನಿಯಲ್ಲಿ ಕಾರಣ ಹೇಳಿದರು. ಒಬ್ಬರೇ ಬಂದವರು ಬೆಳಿಗ್ಗೆ ಬಾಗಿಲು ತೆಗೆಯದೇ ಇದ್ದರೆ ಪೊಲೀಸು, ಮಹಜರು, ಎಲ್ಲ ಇವರ ತಲೆಗೆ. ಅವರ ಭಯ ನನಗೆ ಅರ್ಥವಾಯಿತು. ಆದರೂ ಆ ರಾತ್ರಿ ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತೇ ಬೆಳಗು ಮಾಡಿದೆ. ಇದು ಗಂಡಸಾದ ನನ್ನ ಕಥೆ. ನಮ್ಮ ಆಫೀಸಿನ ಹುಡುಗಿಯೊಬ್ಬಳು ಒಬ್ಬಳೇ ತಿರುಗುತ್ತಾಳೆ. ಅವಳಿಗೆ ರೂಮ್ ಇಲ್ಲ ಅನ್ನುವುದರ ಜೊತೆಗೆ ಬುದ್ಧಿವಾದವೂ ಸಿಗುತ್ತದಂತೆ.

ಅದಕ್ಕೇ ಪ್ರವಾಸಿಗರ ಹಾಸ್ಟೆಲ್‌ಗಳು ಬಂದಾಗ ಖುಷಿಪಟ್ಟವರಲ್ಲಿ ನಾನೂ ಒಬ್ಬ. ಚಿಕ್ಕಮಗಳೂರು, ಸಕಲೇಶಪುರ, ಮಡಿಕೇರಿ, ಎಲ್ಲ ಕಡೆ ಈಗ ಇವೆ. ರೈಲಿನ ಬರ್ತ್ ಥರ ಮೇಲೊಂದು ಕೆಳಗೊಂದು ಮಂಚ. ಒಬ್ಬನಿಗೆ ಒಂದು ಮಂಚದ ದುಡ್ಡು ಮಾತ್ರ. ಯಾಕೆ ಬಂದಿರಿ, ಮನೆಯಲ್ಲಿ ಜಗಳವಾ ಅಂತ ಯಾರೂ ಕೇಳುವುದಿಲ್ಲ. ಗೋಡೆ ಮೇಲೆ 'ಸೋಲೋ' ಅಂತ ದೊಡ್ಡದಾಗಿ ಬರೆದೂ ಇರುತ್ತಾರೆ.

ಅಂಥದ್ದೇ ಒಂದು ಕಡೆ ಇದ್ದಾಗ ಮಧ್ಯಾಹ್ನ ಹತ್ತಿರದ ಗುಡ್ಡಕ್ಕೆ ಹೊರಟೆ. ಕಾಫಿ ತೋಟದೊಳಗೆ ದಾರಿ ತಪ್ಪಿತು. ಫೋನಿನ ಚಾರ್ಜೂ ಮುಗಿಯಿತು. ವಾಪಸ್ ಬರುವಾಗ ರಾತ್ರಿ ಒಂಬತ್ತೂ ಮುಕ್ಕಾಲು. ಅಂಗಳದಲ್ಲಿ ಬೆಂಕಿ ಹಾಕಿ ಸ್ಪೀಕರ್ ಹಚ್ಚಿ ಕುಣಿಯುತ್ತಿದ್ದರು. ಒಬ್ಬರೂ ತಲೆ ಎತ್ತಿ ನೋಡಲಿಲ್ಲ. ನಾನು ಬೆಳಗಿನ ತನಕ ಬಾರದಿದ್ದರೂ ನನ್ನ ಮಂಚ ಖಾಲಿ ಇರುವುದು ಯಾರಿಗೆ ಗೊತ್ತಾಗುತ್ತಿತ್ತು? ಹಾಸ್ಟೆಲಿನವರ ತಪ್ಪು ಅನ್ನುತ್ತಿಲ್ಲ. ಏನೂ ಕೇಳಬೇಡಿ ಅಂತ ಬಯಸಿದ್ದು ನಾನೇ ಅಲ್ವಾ.

ಈಗ ಕೊಡಚಾದ್ರಿಯ ವಿಷಯಕ್ಕೆ ಬರುತ್ತೇನೆ. 2019ರ ಡಿಸೆಂಬರ್. ಕೊಲ್ಲೂರಿನಿಂದ ಹೊಸನಗರದ ಕಡೆ ಹೋಗುವ ಬಸ್ಸು ಹತ್ತಿ ಕಾರಕಟ್ಟೆಯಲ್ಲಿ ಇಳಿದೆ. ಅಲ್ಲಿಂದ ಕಾಡಿನ ದಾರಿ. ವಳೂರಿನಲ್ಲಿ ಚಹಾ ಕುಡಿದು ಏರು ಹಿಡಿದರೆ ಆಮೇಲೆ ಮಾತಿಲ್ಲ, ಬರೀ ಉಸಿರು. ಬೆಟ್ಟದ ಎತ್ತರ 1343 ಮೀಟರ್. ಕಾಗದದ ಮೇಲೆ ಕಡಿಮೆ ಅನಿಸುತ್ತದೆ. ಹತ್ತಿದವರ ಮೊಣಕಾಲು ಬೇರೆಯೇ ಲೆಕ್ಕ ಹೇಳುತ್ತದೆ. ಜೀಪಿನಲ್ಲಿ ಬಂದವರ ಲೆಕ್ಕ ಸೊಂಟದ್ದು, ಅದು ಬಿಡಿ.

ಮೇಲೆ ಮೂಲ ಮೂಕಾಂಬಿಕೆಯ ಗುಡಿ, ಅದರೆದುರು ಕಬ್ಬಿಣದ ಕಂಬ, ಪಕ್ಕದಲ್ಲೇ ಭಟ್ಟರ ಮನೆ. ಅಲ್ಲೂ ಅದೇ ಪ್ರಶ್ನೆ ಬಂತು. "ಒಬ್ರೇಯಾ?" ಹೌದು ಅಂದೆ. "ಹಂಗಾರೆ ಕೈಕಾಲು ತೊಳ್ಕಂಡು ಬನ್ನಿ, ಊಟಕ್ಕೆ ಒಬ್ರು ಜಾಸ್ತಿ ಅಂತ ಒಳಗೆ ಹೇಳ್ತೆ." ಅಷ್ಟೇ. ಅನ್ನ, ಸಾರು, ಮಿಡಿ ಉಪ್ಪಿನಕಾಯಿ, ಮಜ್ಜಿಗೆ. ಮಲಗಲು ಚಾಪೆ, ಕಂಬಳಿ. ಸಂಜೆ ಇನ್ನೂ ಮೇಲೆ ಹತ್ತಿ ಸರ್ವಜ್ಞ ಪೀಠದ ಕಲ್ಲುಮಂಟಪದ ಹತ್ತಿರ ಕೂತೆ. ಕಣಿವೆಯಿಂದ ಮಂಜು ಏರಿ ಬಂದು ನನ್ನ ಕಾಲನ್ನೇ ನುಂಗಿತು.

ಬೆಳಿಗ್ಗೆ ಹೊರಡುವಾಗ ಭಟ್ಟರ ವಿಚಾರಣೆ ಶುರುವಾಯಿತು. ಯಾವ ಕಡೆ ಇಳೀತೀರಿ? ಹಿಡ್ಲುಮನೆ ಫಾಲ್ಸ್ ಕಡೆ. ರಾತ್ರಿ ಎಲ್ಲಿ? ನಿಟ್ಟೂರಿನ ಹತ್ತಿರ ಒಂದು ತೋಟದ ಮನೆ. ಅವರ ನಂಬರ್ ಇದೆಯಾ? ಕೊಟ್ಟೆ. ಉಣ್ಣೆ ಹತ್ತದಂತೆ ಕಾಲು ಕೈಗೆ ಹಚ್ಚಿಕೊಳ್ಳಿ ಅಂತ ಡಿಎಂಪಿ ಎಣ್ಣೆಯ ಬಾಟಲಿ ಮುಂದಿಟ್ಟರು. ಡಿಸೆಂಬರ್ ಬಂತೆಂದರೆ ಆ ಕಡೆ ಮಂಗನ ಕಾಯಿಲೆಯ ಭಯ. ಕಾಡಿನ ಉಣ್ಣೆ ಕಚ್ಚಿ ಬರುವ ಜ್ವರ ಅದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗೊತ್ತಾಯಿತು, ಇಂಗ್ಲಿಷಿನಲ್ಲಿ ಆ ಕಾಡಿನ ಹೆಸರೇ ಕಾಯಿಲೆಗೆ ನಿಂತಿತು. ಹಿಂದಿನ ಸೀಸನ್ನಿನಲ್ಲಿ ಸಾಗರದ ಅರಳಗೋಡಿನಲ್ಲಿ ಜನ ಸತ್ತಿದ್ದರು. "ಸತ್ತ ಮಂಗ ಕಂಡ್ರೆ ಹತ್ರ ಹೋಗ್ಬೇಡಿ, ನಮಗೊಂದು ಫೋನ್ ಮಾಡಿ" ಅಂದರು. ಇಂಬಳಕ್ಕೆ ಸುಣ್ಣ, ಹೊಗೆಸೊಪ್ಪು ಅಂತ ನಾನು ಓದಿಕೊಂಡು ಹೋಗಿದ್ದೆ. ಉಣ್ಣೆಯ ವಿಷಯ ನನ್ನ ತಲೆಯಲ್ಲೇ ಇರಲಿಲ್ಲ.

ಹಿಡ್ಲುಮನೆಯಲ್ಲಿ ನೀರು ಒಂದೇ ಸಲ ಬೀಳುವುದಿಲ್ಲ, ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ. ನಾವೂ ಅದರ ಪಕ್ಕದಲ್ಲೇ ಬಂಡೆ ಹಿಡಿದು ಇಳಿಯಬೇಕು. ಪಾಚಿಯ ಮೇಲೆ ಕಾಲು ಜಾರಿ ಎಡಗಾಲು ಉಳುಕಿತು. ಎರಡು ಗಂಟೆಯ ಇಳಿತ ಐದು ಗಂಟೆಯಾಯಿತು. ಫೋನಿಗೆ ಸಿಗ್ನಲ್ ಇಲ್ಲ. ಕತ್ತಲಾಗುತ್ತಾ ಬಂದಾಗ ಕೆಳಗಿನ ಮರಗಳ ನಡುವೆ ಎರಡು ಬೆಳಕು ಅಲ್ಲಾಡಿದವು. ತೋಟದ ಮನೆಯ ಯಜಮಾನರು ಮತ್ತು ಅವರ ಮಗ, ಕೈಯಲ್ಲಿ ಬ್ಯಾಟರಿ. ಮೇಲಿನ ಭಟ್ಟರು ಬೆಳಿಗ್ಗೆಯೇ ಲ್ಯಾಂಡ್‌ಲೈನಿಗೆ ಫೋನ್ ಮಾಡಿದ್ದರಂತೆ. ಒಬ್ಬರು ಬರ್ತಿದ್ದಾರೆ, ನಾಲ್ಕರೊಳಗೆ ಬರದಿದ್ದರೆ ನೋಡಿ ಅಂತ. "ಏನು ಮಾರಾಯ್ರೆ, ಕಾಯ್ತಾ ಕಾಯ್ತಾ ಕಾಫಿ ಆರೋಯ್ತು" ಅಂದರು. ಮನೆಗೆ ಹೋದ ಕೂಡಲೇ ಯಜಮಾನರು ಮಾಡಿದ ಮೊದಲ ಕೆಲಸ ಮೇಲಕ್ಕೆ ಫೋನ್ ಹಚ್ಚಿದ್ದು. "ಹಾಂ, ಆಸಾಮಿ ಬಂತು."

ಸಿಟ್ಟು ಬಂತು ಅಂದರೆ ನೀವು ನಂಬಲ್ಲ. ಒಬ್ಬನೇ ಇರಲಿಕ್ಕೆ ಅಂತ ಬಂದರೆ ಇವರು ನನ್ನನ್ನು ಪಾರ್ಸಲ್ ಥರ ಕಳಿಸುತ್ತಿದ್ದಾರಲ್ಲ ಅಂತ. ಆ ಸಿಟ್ಟು ಬಚ್ಚಲ ಹಂಡೆಯ ಬಿಸಿನೀರು ಕಾಲಿಗೆ ಬೀಳುವ ತನಕ ಇತ್ತು.

ಬೆಟ್ಟ ಹತ್ತುವವರಿಗೆ ಹಾಕಿರುವ ಈಗಿನ ನಿಯಮಗಳ ಬಗ್ಗೆ ಜಗಳ ನೋಡುವಾಗೆಲ್ಲ ನನಗೆ ಆ ಫೋನು ನೆನಪಾಗುತ್ತದೆ. 2024ರ ಜನವರಿಯಲ್ಲಿ ಕುಮಾರ ಪರ್ವತದಲ್ಲಿ ಜಾತ್ರೆಯಂತೆ ಜನ ಸೇರಿದ ವಿಡಿಯೋ ನೀವೂ ನೋಡಿರುತ್ತೀರಿ. ಆಮೇಲೆ ಆನ್‌ಲೈನ್ ಟಿಕೆಟ್ ಬಿಗಿಯಾಯಿತು. ಕುದುರೆಮುಖದಲ್ಲಿ ದಿನಕ್ಕೆ 300 ಜನ, ಜೊತೆಗೆ ಗೈಡ್ ಕಡ್ಡಾಯ. ಬೇಕಿತ್ತು, ನನ್ನ ತಕರಾರಿಲ್ಲ. ಆದರೆ ಗೈಡ್ ಖರ್ಚು, ಜೀಪ್ ಬಾಡಿಗೆ, ಹತ್ತು ಜನ ಹಂಚಿಕೊಂಡರೆ ಹಗುರ. ಒಬ್ಬನ ಜೇಬಿಗೆ ಕನ್ನ. ಹೋಮ್‌ಸ್ಟೇಗೆ ಫೋನ್ ಮಾಡಿದರೆ "ಎಷ್ಟು ಜನ ಸಾರ್?" ಒಬ್ಬನೇ ಅಂದರೆ ವೀಕೆಂಡ್ ಫುಲ್. ಗುಂಪಾಗಿ ಬಂದು ಗದ್ದಲ ಮಾಡುವವರಿಗೆ ಬಾಗಿಲು ತೆರೆದಿದೆ. ಒಂದು ಚಾಪೆ, ಒಂದು ತಟ್ಟೆ ಊಟ ಕೇಳುವವನಿಗೆ ಇಲ್ಲ. ಮಲೆನಾಡಿನ ಮನೆಗಳು ಒಬ್ಬರಿಗೆ ಅಂತ ಒಂದು ಮೂಲೆ ಇಟ್ಟುಕೊಂಡು, ಮುಂದಿನ ಮನೆಗೆ ಒಂದು ಫೋನ್ ಮಾಡಿದರೆ ಸಾಕು. ಅದಕ್ಕೆ ಜಾಸ್ತಿ ದುಡ್ಡು ಕೊಡಲೂ ನಾನು ತಯಾರು.

ಈ ನವೆಂಬರ್‌ಗೆ ನಿಟ್ಟೂರಿನಿಂದ ಹೊಸನಗರ ತಾಲ್ಲೂಕಿನ ನಗರ ಅನ್ನುವ ಊರಿನ ಕೋಟೆಯ ಕಡೆ ನಡೆಯುವ ಯೋಚನೆ ಇದೆ. ದಾರಿಯಲ್ಲಿ ಒಬ್ಬರಿಗೆ ಜಾಗ ಕೊಡುವ ಮನೆ ಯಾರಿಗಾದರೂ ಗೊತ್ತಿದ್ದರೆ ಇನ್‌ಬಾಕ್ಸ್ ಮಾಡಿ. ದಯವಿಟ್ಟು ಕಾಮೆಂಟಿನಲ್ಲಿ ನಂಬರ್ ಹಾಕಬೇಡಿ. ಮುಂದಿನ ಶನಿವಾರ ಅವರ ಅಂಗಳದಲ್ಲಿ ಮೂವತ್ತು ಜನ, ಎರಡು ಸ್ಪೀಕರ್ ಇರುತ್ತವೆ.