ಚುನಾವಣೆಯ ತಾರೀಕು ಯಾರ ಕೈಯಲ್ಲಿರಬೇಕು?

ನಾನು ವಾಸಿಸುವ ಲಂಡನ್ನಿನ 32 ಸ್ಥಳೀಯ ಕೌನ್ಸಿಲ್‌ಗಳಿಗೆ ಚುನಾವಣೆ ನಡೆದದ್ದು 2022ರ ಮೇ 5ರ ಗುರುವಾರ. ಅವತ್ತು ಮತ ಹಾಕಿ ಬಂದ ಯಾರನ್ನು ಕೇಳಿದ್ದರೂ, ಮುಂದಿನ ಚುನಾವಣೆ 2026ರ ಮೇ 7ಕ್ಕೆ ಎಂದು ಲೆಕ್ಕ ಹಾಕಿ ಹೇಳುತ್ತಿದ್ದರು. ನಾಲ್ಕು ವರ್ಷಕ್ಕೊಮ್ಮೆ, ಮೇ ತಿಂಗಳ ಮೊದಲ ಗುರುವಾರ ಎಂದು ಕಾನೂನಿನಲ್ಲೇ ಬರೆದಿದೆ. ಅದಕ್ಕಾಗಿ ಯಾರೂ ಕೋರ್ಟಿನ ಮೆಟ್ಟಿಲು ಹತ್ತಬೇಕಿಲ್ಲ, ಯಾವ ಮಂತ್ರಿಯ ಹೇಳಿಕೆಗೂ ಕಾಯಬೇಕಿಲ್ಲ.

ನಮ್ಮ ಮನೆಯವರೆಲ್ಲ ಇರುವುದು ಬೆಂಗಳೂರಿನ ವಿಜಯನಗರದ ಸುತ್ತಮುತ್ತ. ಅಲ್ಲಿ ಬಿಬಿಎಂಪಿಗೆ ಕೊನೆಯ ಬಾರಿ ಮತದಾನವಾದದ್ದು 2015ರ ಆಗಸ್ಟ್ 22ರಂದು. 198 ವಾರ್ಡುಗಳ ಆ ಸಭೆಯ ಅವಧಿ 2020ರ ಸೆಪ್ಟೆಂಬರ್ 10ಕ್ಕೆ ಮುಗಿಯಿತು. ಆಮೇಲೆ ಐದು ವರ್ಷ, ಅಂದರೆ ಒಂದು ಇಡೀ ಪಾಲಿಕೆಯ ಆಯುಸ್ಸಿನಷ್ಟು ಕಾಲ, ಕೋಟಿಗೂ ಮಿಕ್ಕಿ ಜನರಿರುವ ನಗರದಲ್ಲಿ ಒಬ್ಬನೇ ಒಬ್ಬ ಕಾರ್ಪೊರೇಟರ್ ಇರಲಿಲ್ಲ. ಇದಕ್ಕೂ ಮುಂಚೆ, 2006ರ ಕೊನೆಯಿಂದ 2010ರ ವರೆಗೂ ಹೀಗೇ ಆಗಿತ್ತು. 2006ರ ಕೊನೆಯಿಂದ 2025ರ ಕೊನೆಯ ವರೆಗಿನ 19 ವರ್ಷಗಳಲ್ಲಿ ಬೆಂಗಳೂರಿಗೆ ಚುನಾಯಿತ ಸಭೆ ಇದ್ದದ್ದು ಸುಮಾರು 10 ವರ್ಷ. ಉಳಿದ ಕಾಲವೆಲ್ಲ ಸರ್ಕಾರ ನೇಮಿಸಿದ ಆಡಳಿತಾಧಿಕಾರಿಗಳದ್ದೇ ಆಳ್ವಿಕೆ.

ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡೇ ಇಲ್ಲಿ ಲಂಡನ್ನಿನಲ್ಲಿ ಮತ ಹಾಕಬಹುದು ಎನ್ನುವುದು ಊರಿನಲ್ಲಿ ಹಲವರಿಗೆ ಗೊತ್ತಿಲ್ಲ. ಭಾರತ ಕಾಮನ್‌ವೆಲ್ತ್ ದೇಶವಾದ್ದರಿಂದ, ಕಾನೂನುಬದ್ಧವಾಗಿ ಇಲ್ಲಿ ವಾಸಿಸುವ ನಮ್ಮವರು ಮತದಾರರ ಪಟ್ಟಿಗೆ ಹೆಸರು ಸೇರಿಸಬಹುದು. ಥೇಮ್ಸ್ ದಂಡೆಯಲ್ಲಿ ಬಸವಣ್ಣನವರ ಪ್ರತಿಮೆ ನಿಲ್ಲಿಸಲು ಓಡಾಡಿದ ಡಾ. ನೀರಜ್ ಪಾಟೀಲರು ಕಲಬುರಗಿ ಜಿಲ್ಲೆಯವರು. ಆ ಪ್ರತಿಮೆ ಇರುವ ಲ್ಯಾಂಬೆತ್ ಕೌನ್ಸಿಲ್ಲಿನ ಸದಸ್ಯರಾಗಿ 2010ರಲ್ಲಿ ಅಲ್ಲಿನ ಮೇಯರ್ ಆದವರು. ಹೊರಗಿನಿಂದ ಬಂದವರಿಗೆ ಈ ಊರು ತನ್ನ ಬೀದಿಯ ವಿಷಯದಲ್ಲಿ ಮಾತಾಡುವ ಹಕ್ಕು ಕೊಟ್ಟಿದೆ. ನಮ್ಮ ಅಕ್ಕ ಹುಟ್ಟಿ ಬೆಳೆದ ಬೀದಿಯ ವಿಷಯದಲ್ಲಿ 2015ರ ನಂತರ ಆ ಹಕ್ಕನ್ನು ಚಲಾಯಿಸುವ ಅವಕಾಶವೇ ಅವಳಿಗೆ ಬರಲಿಲ್ಲ. ಇದು ನನಗೆ ಸಣ್ಣ ವಿಷಯವೆಂದು ಅನಿಸುವುದಿಲ್ಲ.

ಬೆಂಗಳೂರಿನಲ್ಲಿ ತಡಕ್ಕೆ ಕೊಟ್ಟ ಮುಖ್ಯ ಕಾರಣ ವಾರ್ಡ್ ಮರುವಿಂಗಡಣೆ, ಅಂದರೆ ವಾರ್ಡುಗಳ ಗಡಿಯನ್ನು ಹೊಸದಾಗಿ ಗುರುತಿಸುವುದು. 2020ರಲ್ಲಿ ಹೊಸ ಕಾನೂನು ತಂದು ವಾರ್ಡುಗಳನ್ನು 243ಕ್ಕೆ ಏರಿಸಿದರು. ಅದೇ ಡಿಸೆಂಬರಿನಲ್ಲಿ ಹೈಕೋರ್ಟು ಹಳೆಯ 198 ವಾರ್ಡುಗಳಿಗೇ ಚುನಾವಣೆ ನಡೆಸಿ ಎಂದಿತು. ಸುಪ್ರೀಂ ಕೋರ್ಟಿನಿಂದ ಅದಕ್ಕೆ ತಡೆಯಾಜ್ಞೆ ಬಂತು. 2023ರಲ್ಲಿ ಸರ್ಕಾರ ಬದಲಾಯಿತು, ವಾರ್ಡುಗಳು 225 ಆದವು. ಆಮೇಲೆ ಬಿಬಿಎಂಪಿಯೇ ಹೋಗಿ 2025ರ ಸೆಪ್ಟೆಂಬರಿನಲ್ಲಿ ಐದು ಪಾಲಿಕೆಗಳಾದವು, ವಾರ್ಡುಗಳು 369. ಒಂದೊಂದು ಸಲ ಗೆರೆ ಎಳೆದಾಗಲೂ ಆಕ್ಷೇಪಣೆ, ಮೀಸಲಾತಿ ಪಟ್ಟಿ, ಅದರ ಮೇಲೆ ಮೊಕದ್ದಮೆ. ಇದರಲ್ಲಿ ಬಿಜೆಪಿ, ಕಾಂಗ್ರೆಸ್ ಎಂಬ ಭೇದವಿಲ್ಲ. ಅಧಿಕಾರದಲ್ಲಿದ್ದಾಗ ಇಬ್ಬರೂ ತಡ ಮಾಡಿದರು, ವಿರೋಧಪಕ್ಷದಲ್ಲಿದ್ದಾಗ ಇಬ್ಬರೂ ಚುನಾವಣೆ ಕೇಳಿದರು.

ವಾರ್ಡುಗಳ ಗೆರೆ ಇಲ್ಲಿಯೂ ಬದಲಾಗುತ್ತದೆ. ನಾನಿರುವ ಹ್ಯಾರೋದಲ್ಲಿ 2018ರಲ್ಲಿ 21 ವಾರ್ಡು, 63 ಸದಸ್ಯರು ಇದ್ದರು. 2022ಕ್ಕೆ 22 ವಾರ್ಡು, 55 ಸದಸ್ಯರಾದರು. ನಮ್ಮ ವಾರ್ಡಿನ ನಕ್ಷೆಯೂ ಬದಲಾಯಿತು, ಆದರೆ ಚುನಾವಣೆಯ ತಾರೀಕು ಒಂದು ದಿನವೂ ಅಲುಗಲಿಲ್ಲ. ಯಾಕೆಂದರೆ ಗೆರೆ ಎಳೆಯುವುದು ಆಳುವ ಪಕ್ಷವಲ್ಲ, ಅದಕ್ಕೆಂದೇ ಇರುವ ಸ್ವತಂತ್ರ ಗಡಿ ಆಯೋಗ. ಅವರು ಚುನಾವಣೆಯ ದಿನವನ್ನು ಮುಂದಿಟ್ಟುಕೊಂಡು ಹಿಂದಕ್ಕೆ ಲೆಕ್ಕ ಹಾಕಿ ಕೆಲಸ ಶುರು ಮಾಡುತ್ತಾರೆ. ಕರಡು ಪ್ರಕಟಿಸಿ, ಜನರ ಅಭಿಪ್ರಾಯ ಕೇಳಿ, ತಿದ್ದಿ, ಮುಗಿಸುತ್ತಾರೆ. ಬೆಂಗಳೂರಿನಲ್ಲಿ ಅವಧಿ ಮುಗಿಯುವ ಹೊತ್ತಿಗೆ ಮರುವಿಂಗಡಣೆಯ ನೆನಪಾಗುತ್ತದೆ, ಮತ್ತು ಆ ಗೆರೆ ಎಳೆಯುವ ಅಧಿಕಾರ ರಾಜ್ಯ ಸರ್ಕಾರದ್ದು. ರಾಜ್ಯ ಚುನಾವಣಾ ಆಯೋಗ ಅವರು ಕೊಡುವ ಪಟ್ಟಿಗಾಗಿ ಕಾಯುತ್ತಾ ಕೂರಬೇಕು.

ಚುನಾವಣೆ ಮುಂದೂಡಿದ್ದು ಇಲ್ಲಿ ಇಲ್ಲವೇ ಇಲ್ಲ ಎಂದೇನೂ ಅಲ್ಲ. 2020ರ ಮೇ ತಿಂಗಳಿನಲ್ಲಿ ಆಗಬೇಕಿದ್ದ ಲಂಡನ್ ಮೇಯರ್ ಚುನಾವಣೆ ಕೋವಿಡ್ಡಿನಿಂದಾಗಿ ಒಂದು ವರ್ಷ ತಡವಾಯಿತು. 2025ರಲ್ಲಿ ಲಂಡನ್ನಿನ ಹೊರಗಿನ ಕೆಲವು ಕೌಂಟಿಗಳಲ್ಲಿ ಆಡಳಿತದ ಮರುರಚನೆಯ ಹೆಸರಿನಲ್ಲಿ ಮುಂದೂಡಿದರು, ಅದಕ್ಕೆ ಸಾಕಷ್ಟು ವಿರೋಧವೂ ಬಂತು. ಆದರೆ ಕೋವಿಡ್ಡಿಗೆ ಮುಂದೂಡಿದಾಗ ಪಾರ್ಲಿಮೆಂಟಿನಲ್ಲಿ ಕಾನೂನು ಮಾಡಿ, ಹೊಸ ತಾರೀಕನ್ನೂ ಅದರಲ್ಲೇ ಬರೆದು, ಆ ದಿನವೇ ನಡೆಸಿದರು.

ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಕ್ರಾಯ್ಡನ್ನಿನ ಕಥೆ. ದಕ್ಷಿಣ ಲಂಡನ್ನಿನ ಈ ಕೌನ್ಸಿಲ್ 2020ರ ನವೆಂಬರಿನಲ್ಲಿ ಕೈಯಲ್ಲಿ ಕಾಸಿಲ್ಲ ಎಂದು ಅಧಿಕೃತವಾಗಿ ಘೋಷಿಸಬೇಕಾಯಿತು. ಅಗತ್ಯ ಸೇವೆ ಬಿಟ್ಟು ಹೊಸ ಖರ್ಚೆಲ್ಲ ನಿಂತಿತು. ಅಂಥ ಸ್ಥಿತಿಯಲ್ಲಿ 'ಮೊದಲು ಮನೆ ಸರಿ ಮಾಡೋಣ, ಚುನಾವಣೆ ಆಮೇಲೆ' ಎನ್ನುವುದು ಸುಲಭ. ಹಾಗೆ ಮಾಡಲಿಲ್ಲ. 2021ರಲ್ಲಿ ಅಲ್ಲಿನ ಜನ ಜನಮತಗಣನೆಯಲ್ಲಿ ಮತ ಹಾಕಿ, ಇನ್ನು ಮುಂದೆ ಮೇಯರನ್ನು ನಾವೇ ನೇರವಾಗಿ ಆರಿಸುತ್ತೇವೆ ಎಂದು ತೀರ್ಮಾನಿಸಿದರು. 2022ರ ಮೇ ತಿಂಗಳಿನಲ್ಲಿ ಹೇಳಿದ ದಿನವೇ ಮತದಾನವಾಗಿ, ಅಲ್ಲಿಯ ವರೆಗೆ ಆಳುತ್ತಿದ್ದ ಲೇಬರ್ ಪಕ್ಷವನ್ನು ಸೋಲಿಸಿ ಕನ್ಸರ್ವೇಟಿವ್ ಮೇಯರನ್ನು ಕೂರಿಸಿದರು. ಅದೇ ದಿನ 1978ರಿಂದ ಕನ್ಸರ್ವೇಟಿವ್ ಕೈಯಲ್ಲಿದ್ದ ವಾಂಡ್ಸ್‌ವರ್ತ್ ಲೇಬರಿಗೆ ಹೋಯಿತು, ನಮ್ಮ ಹ್ಯಾರೋ ಲೇಬರಿನಿಂದ ಕನ್ಸರ್ವೇಟಿವ್‌ಗೆ ಬಂತು. ತಪ್ಪು ಮಾಡಿದವರಿಗೆ ಶಿಕ್ಷೆ ಕೊಡುವುದು, ಊರನ್ನು ಮತ್ತೆ ಯಾರ ಕೈಗೆ ಒಪ್ಪಿಸುವುದು ಎಂಬ ತೀರ್ಮಾನ ಎರಡೂ ಜನರ ಬಳಿಯೇ ಉಳಿಯಿತು. ಬೆಂಗಳೂರಿನಲ್ಲಿ ಸುಧಾರಣೆಯ ಹೆಸರಿನಲ್ಲಿ ಮೊದಲು ಕಿತ್ತುಕೊಂಡದ್ದೇ ಇದನ್ನು.

ಕಾರ್ಪೊರೇಟರ್ ಇದ್ದು ಏನು ಮಾಡುತ್ತಿದ್ದರು, ಟೆಂಡರಿನಲ್ಲಿ ಕಮಿಷನ್ ತಿನ್ನುತ್ತಿದ್ದರು ಅಷ್ಟೆ, ಇಲ್ಲದಿರುವುದೇ ವಾಸಿ ಎಂದು ಊರಿಗೆ ಹೋದಾಗಲೆಲ್ಲ ಯಾರಾದರೂ ಹೇಳುತ್ತಾರೆ. ಓದಿದವರೇ ಹೆಚ್ಚಾಗಿ ಹೇಳುವುದು. ಈ ಮಾತಿಗೆ ಅಕ್ಕನ ಬೀದಿಯೇ ಉತ್ತರ. ಮಳೆ ಬಂದಾಗ ಅವಳ ಮನೆ ಮುಂದಿನ ಮೋರಿ ಉಕ್ಕುತ್ತದೆ. ಮೊದಲಾದರೆ ಬೆಳಿಗ್ಗೆ ಆರಕ್ಕೇ ಕಾರ್ಪೊರೇಟರ್ ಮನೆ ಮುಂದೆ ನಾಲ್ಕು ಜನ ಹೋಗಿ ನಿಲ್ಲುತ್ತಿದ್ದರು. ಕೆಲಸ ಆಗುತ್ತಿತ್ತೋ ಬಿಡುತ್ತಿತ್ತೋ, ಬೈಯಲು ಒಂದು ಮುಖ ಇತ್ತು. ಹೋದ ಮಳೆಗಾಲದಲ್ಲಿ ಫೋನ್ ಮಾಡಿದಾಗ ಅವಳು ಹೇಳಿದ್ದು ಇಷ್ಟು: "ಯಾರನ್ನ ಕೇಳೋಣ ಹೇಳು. ಇಂಜಿನಿಯರ್‌ಗೆ ವರ್ಗ ಆಗಿದ್ಯಂತೆ. ಎಂಎಲ್‌ಎ ಕಡೆಯವರು ನಾಳೆ ಬಾ ಅಂತಾರೆ. ಅವರಿಗೆ ಇಡೀ ಕ್ಷೇತ್ರ ಇದೆಯಲ್ಲಪ್ಪ, ನಮ್ಮ ಮೋರಿ ಎಲ್ಲಿ ಕಾಣುತ್ತೆ." ಭ್ರಷ್ಟ ಕಾರ್ಪೊರೇಟರನ್ನು ಐದು ವರ್ಷಕ್ಕೆ ಮನೆಗೆ ಕಳಿಸಬಹುದು. ಆಡಳಿತಾಧಿಕಾರಿಯನ್ನು ಕಳಿಸಲು ಅಕ್ಕನ ಕೈಯಲ್ಲಿ ಏನೂ ಇಲ್ಲ.

ಬೆಂಗಳೂರಿನ ಹಳೆಯ ಪಾಲಿಕೆಯಲ್ಲಿ ಇಲ್ಲಿಗಿಂತ ಮೇಲಾದದ್ದೂ ಇತ್ತು, ಅದನ್ನು ಹೇಳದಿದ್ದರೆ ಅನ್ಯಾಯ. 2015ರ ಸಭೆಯಲ್ಲಿ ಅರ್ಧದಷ್ಟು ಸ್ಥಾನ ಹೆಣ್ಣುಮಕ್ಕಳಿಗೆ ಮೀಸಲಾಗಿತ್ತು. ಲಂಡನ್ನಿನಲ್ಲಿ ಅಂಥ ಮೀಸಲಾತಿಯೇ ಇಲ್ಲ. ಇಲ್ಲಿನ ಸದಸ್ಯರನ್ನು ನೋಡಬೇಕೆಂದರೆ ಅವರು ಲೈಬ್ರರಿಯಲ್ಲೋ ಸಮುದಾಯ ಭವನದಲ್ಲೋ ಕೂರುವ ದಿನಕ್ಕೆ ಕಾಯಬೇಕು; ನಮ್ಮ ಕಾರ್ಪೊರೇಟರು ಗಣೇಶನ ಪೆಂಡಾಲಿನಲ್ಲೂ ಸಿಗುತ್ತಿದ್ದರು, ಸಾವಿನ ಮನೆಯಲ್ಲೂ ಸಿಗುತ್ತಿದ್ದರು. ಮತ ಹಾಕುವವರೂ ಇಲ್ಲಿ ಕಡಿಮೆ: 2022ರಲ್ಲಿ ಲಂಡನ್ನಿನಲ್ಲಿ ಮೂರರಲ್ಲಿ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚು, 2015ರ ಬೆಂಗಳೂರಿನಲ್ಲಿ ಅರ್ಧದ ಹತ್ತಿರ. ಹಾಗಾಗಿ ಬೆಂಗಳೂರಿನವರಿಗೆ ಪಾಲಿಕೆ ಬೇಡವಾಗಿದೆ ಎನ್ನುವ ಮಾತನ್ನು ನಾನು ನಂಬುವುದಿಲ್ಲ.

ಇನ್ನೊಂದು ವ್ಯತ್ಯಾಸ, ಜಾಗ ಖಾಲಿಯಾದಾಗಿನದು. ಇಲ್ಲಿ ಒಬ್ಬ ಸದಸ್ಯ ತೀರಿಕೊಂಡರೆ ಅಥವಾ ರಾಜೀನಾಮೆ ಕೊಟ್ಟರೆ, ಇಬ್ಬರು ಮತದಾರರು ಬರೆದುಕೊಟ್ಟರೆ ಸಾಕು, 35 ಕೆಲಸದ ದಿನಗಳೊಳಗೆ ಉಪಚುನಾವಣೆ ಆಗಬೇಕು. ಒಂದು ವಾರ್ಡು ಎರಡು ತಿಂಗಳು ಪ್ರತಿನಿಧಿ ಇಲ್ಲದೆ ಇರಬಾರದು ಎಂದು ಕಾಳಜಿ ಮಾಡುವ ಊರಿನಲ್ಲಿ ಕುಳಿತು, ಎಲ್ಲ ವಾರ್ಡುಗಳೂ ಐದು ವರ್ಷ ಖಾಲಿ ಬಿದ್ದಿದ್ದ ನನ್ನ ಊರಿನ ಬಗ್ಗೆ ಯೋಚಿಸಿದರೆ ಸಂಕಟವಾಗುತ್ತದೆ.

ಲಂಡನ್ ಶ್ರೀಮಂತ ನಗರ, ಅಲ್ಲಿನದು ನಮಗೆ ಒಗ್ಗುವುದಿಲ್ಲ ಎನ್ನುವವರಿಗೆ ಪಕ್ಕದ ಕೇರಳವಿದೆ. ಅಲ್ಲಿ 2015, 2020, 2025ರಲ್ಲಿ ಸ್ಥಳೀಯ ಸಂಸ್ಥೆಗಳ ಚುನಾವಣೆ ಐದೈದು ವರ್ಷಕ್ಕೆ ನಡೆಯುತ್ತಾ ಬಂತು, ಕೋವಿಡ್ಡಿನ ವರ್ಷವೂ ಸೇರಿ. 2025ರದ್ದಕ್ಕೆ ಮುಂಚೆ ಅಲ್ಲಿಯೂ ವಾರ್ಡುಗಳ ಮರುವಿಂಗಡಣೆ ಆಯಿತು. ಮಾಡಿದ್ದು ರಾಜ್ಯ ಚುನಾವಣಾ ಆಯುಕ್ತರೇ ಅಧ್ಯಕ್ಷರಾಗಿರುವ ಮರುವಿಂಗಡಣಾ ಆಯೋಗ. ಅದೇ ಸಂವಿಧಾನ, ನಗರಾಡಳಿತ ಸಂಸ್ಥೆಗಳಿಗೆ ಸಂವಿಧಾನದಲ್ಲಿ ಜಾಗ ಕೊಟ್ಟ ಅದೇ 74ನೇ ತಿದ್ದುಪಡಿ. ಪಾಲಿಕೆಯ ಅವಧಿ ಮುಗಿಯುವ ಮುಂಚೆಯೇ ಚುನಾವಣೆ ಮುಗಿದಿರಬೇಕು ಎಂದು 243ಯು ವಿಧಿ ಹೇಳುತ್ತದೆ. ಅಹಮದಾಬಾದ್ ಪಾಲಿಕೆಯ ಪ್ರಕರಣದಲ್ಲಿ 2006ರಲ್ಲೇ ಸುಪ್ರೀಂ ಕೋರ್ಟು ಇದನ್ನು ಒತ್ತಿ ಹೇಳಿತು. ಆದ್ದರಿಂದ ನಮಗೆ ಹೊಸ ಸಿದ್ಧಾಂತವೇನೂ ಬೇಕಿಲ್ಲ. ಗೆರೆ ಎಳೆಯುವ ಕೆಲಸ ಮತ್ತು ಮೀಸಲಾತಿ ಸರದಿಯ ಕೆಲಸ ಎರಡನ್ನೂ ಸರ್ಕಾರದ ಕೈಯಿಂದ ತೆಗೆದು ಆಯೋಗಕ್ಕೆ ಕೊಡಬೇಕು. ಅದು ನಾಲ್ಕನೆಯ ವರ್ಷದ ಕೊನೆಯೊಳಗೆ ಮುಗಿಯದಿದ್ದರೆ ಹಳೆಯ ವಾರ್ಡುಗಳಿಗೇ ಚುನಾವಣೆ ಎಂದು ಕಾನೂನಿನಲ್ಲಿ ಬರೆಯಬೇಕು.

ಹೊಸ ಪಾಲಿಕೆಗಳಿಗೆ ಮೊದಲ ಸಭೆ ಸೇರಿದ ದಿನದಿಂದ ಐದು ವರ್ಷದ ಲೆಕ್ಕ ಶುರುವಾಗುತ್ತದೆ. ಮುಂದಿನ ಚುನಾವಣೆ ಯಾವ ದಿನದೊಳಗೆ ಆಗಬೇಕೆಂಬುದು ಅವತ್ತೇ ಗೊತ್ತಿರುತ್ತದೆ. ವಿಜಯನಗರದಲ್ಲಿ, ಯಲಹಂಕದಲ್ಲಿ, ಕೆ.ಆರ್.ಪುರದಲ್ಲಿ ಮತ ಕೇಳಲು ಮನೆಬಾಗಿಲಿಗೆ ಬರುವ ಪ್ರತಿಯೊಬ್ಬ ಅಭ್ಯರ್ಥಿಯನ್ನೂ, ಅವರ ಹಿಂದೆ ನಿಲ್ಲುವ ಎಂಎಲ್‌ಎಯನ್ನೂ ದಯವಿಟ್ಟು ಕೇಳಿ: ಆ ತಾರೀಕನ್ನು ಬರೆದುಕೊಡುತ್ತೀರಾ? ನನ್ನ ಅಕ್ಕನಿಗೆ ಈಗಾಗಲೇ ಹೇಳಿದ್ದೇನೆ, ಅವಳು ಕೇಳಿಯೇ ಕೇಳುತ್ತಾಳೆ.